ಬಿಡು ಅಂದರೆ ಬಿಡಬೇಕು

ಸೆಪ್ಟೆಂಬರ್ 19, ಶುಕ್ರವಾರ

"ನನ್ನ ತಲೆ ತಿನ್ನೋ ಬದ್ಲು ಇದ್ರಲ್ಲಿ ಬರಿ ಮಮ್ಮಿ" ಎಂದು ಸಿರಿ ಈ ಡೈರಿ ಕೊಟ್ಟು ಕಾಲೇಜಿಗೆ ಹೋದಳು. ಹೆತ್ತ ಮಗಳೇ ಹೀಗಂದರೆ ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ. ಸರಿ, ಬರೆಯುತ್ತೇನೆ.

ಇವತ್ತು ಬನಶಂಕರಿ ಗುಡಿಯಲ್ಲಿ ಹರಕೆ ಹೊತ್ತೆ. ತಾಯೀ, ಪ್ರತಿ ಶುಕ್ರವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ, ನನ್ನ ಗಂಡನಿಗೆ ಹಿಡಿದಿರುವ ಸಮುದ್ರದ ಹುಚ್ಚು ಬಿಡಿಸು, ಬಿಡಿಸಿದ ದಿನ ನಿನಗೆ ಸೀರೆ ಉಡಿಸುತ್ತೇನೆ ಎಂದೆ. ಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆ ಮಗುಚಿ ಬತ್ತಿ ಇಟ್ಟೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಮದುವೆಗೆ ಹರಕೆ ಹೊತ್ತವಳು. ನಾನು ಮದುವೆ ಉಳಿಸಿಕೊಳ್ಳಲು ಹೊತ್ತವಳು.

ಮಳೆಗಾಲ ಮುಗಿದ ಮೇಲೆ ಬೂತಾಯಿ, ಬಂಗುಡೆ ಎಂಬ ಸಣ್ಣ ಮೀನುಗಳು ಹಿಂಡುಹಿಂಡಾಗಿ ದಡದ ಪಕ್ಕಕ್ಕೇ ಬರುತ್ತವಂತೆ. ಅವನ್ನು ತಿನ್ನಲು ಹಿಂದೆಯೇ ದೊಡ್ಡ ಮೀನುಗಳು. ದೋಣಿ ಬೇಡ, ದಡದಲ್ಲಿ ನಿಂತು ಗಾಳದ ಉದ್ದನೆಯ ರಾಡ್ ಬೀಸಿದರೆ ಸಾಕು. ಆ ಕಾಲದಲ್ಲಿ ಇವರು ಉತ್ತರಹಳ್ಳಿಯಲ್ಲಿ ಇದ್ದೂ ಇಲ್ಲದ ಹಾಗೆ. ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ಕೂತು ಬೈಂದೂರಿನಲ್ಲಿ ಗಾಳಿ ಹೇಗಿದೆ ಅಂತ ಮೊಬೈಲ್ ನೋಡುತ್ತಾರೆ. ಹೋದ ವರ್ಷ ಮೂವರು ಹೋಗಿದ್ದರು. ಇವರು, ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯ ಉಗ್ರಪ್ಪ, ಗಿರಿನಗರದ ರವಿಕಿರಣ್. ವಾಪಸ್ ಬಂದದ್ದು ಇಬ್ಬರು. ಬಂಡೆಯ ಮೇಲೆ ನಿಂತಿದ್ದ ಉಗ್ರಪ್ಪನನ್ನು ಅಲೆ ಎಳೆದುಕೊಂಡಿತು. "ರಾಡ್ ಬಿಡೋ, ಓಡೋ" ಎಂದು ಇವರು ಕೂಗಿದರಂತೆ. ಅವನು ಬಿಡಲಿಲ್ಲವಂತೆ.

ಇಷ್ಟಾದ ಮೇಲೂ ನಿನ್ನೆ ಇವರು ಅಟ್ಟದಿಂದ ರಾಡ್ ಇಳಿಸಿ ಎಣ್ಣೆ ಹಾಕುತ್ತಾ ಕೂತಿದ್ದರು. ನನಗೆ ಮೈಯೆಲ್ಲಾ ಉರಿದುಹೋಯಿತು.

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು, ಸಂಜೆ ಉಗ್ರಪ್ಪನ ಮನೆಗೆ ಹೋದೆ. ಅವನಿಗೆ ಇದು ಮೊದಲನೇ ಎಡೆ. ಅವನ ಹೆಂಡತಿ ಶಾಲಿನಿ ಮಾಂಸದ ಸಾರು, ಮುದ್ದೆ, ಒಬ್ಬಟ್ಟು, ಒಂದು ಬಾಟಲಿ, ಬೀಡಿ ಕಟ್ಟು, ಹೊಸ ಪಂಚೆ ಎಲ್ಲ ಇಟ್ಟಿದ್ದಳು. ಮೀನು ಇರಲಿಲ್ಲ.

"ಮೀನು ಇಡಲ್ಲ ಅಕ್ಕ. ಅದೊಂದು ಇಡಲ್ಲ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಒಂದು ಕೋಲು ಅಕ್ಕ. ಬಿಟ್ಟು ಓಡಿ ಬರಕ್ಕೆ ಏನಾಗಿತ್ತು ಇವ್ರಿಗೆ? ನಾನು ನೆನಪಾಗ್ಲಿಲ್ವಾ? ಮಕ್ಳು ನೆನಪಾಗ್ಲಿಲ್ವಾ?" ಎಂದಳು.

"ಗಂಡಸ್ರ ಬುದ್ಧಿ ಕಣಮ್ಮ, ಹಿಡಿದಿದ್ದು ಬಿಡಲ್ಲ" ಎಂದೆ. ಮನಸ್ಸಿನಲ್ಲಿ ಮಾತ್ರ ಉಗ್ರಪ್ಪನನ್ನು ಬಾಯಿಗೆ ಬಂದ ಹಾಗೆ ಬೈದೆ. ಸತ್ತವರನ್ನು ಬೈಯಬಾರದು, ಅದೂ ಅಮಾವಾಸ್ಯೆ ದಿನ. ಆದರೂ ಬೈದೆ. ಮೂರ್ಖ, ಶುದ್ಧ ಮೂರ್ಖ.

ಸೆಪ್ಟೆಂಬರ್ 24, ಬುಧವಾರ

ಜಗಳ. ಬಾಡಿಗೆಯವರಿಗೆ ಕೇಳಿಸುವಷ್ಟು. ಕಾರಿನ ಕೀ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ, ಸಿಕ್ಕಿಬಿದ್ದೆ.

"ನೋಡೇ ಶೀಲಾ, ಹೋಗ್ದೇ ಇದ್ರೆ ನಂಗೆ ಆ ಬಂಡೆನೇ ಕಾಣ್ತಾ ಇರತ್ತೆ ಕಣೆ. ಒಂದ್ಸಲ ಹೋಗಿ ನಿಲ್ಬೇಕು ಅಲ್ಲಿ" ಎಂದರು. ಕಣ್ಣು ಒರೆಸಿಕೊಂಡರು. ಈ ಮನುಷ್ಯ ಅಳುವುದನ್ನು ನಾನು ಮಾವ ತೀರಿಹೋದಾಗ ಮಾತ್ರ ನೋಡಿದ್ದು.

"ಹಂಗಾದ್ರೆ ನಾನೂ ಬರ್ತೀನಿ" ಎಂದೆ. ನನ್ನ ಬಾಯಿಂದ ಹೇಗೆ ಬಂತೋ. ಬಂದ ಮೇಲೆ ಷರತ್ತೂ ಹಾಕಿದೆ. ಬಂಡೆ ಹತ್ತುವಂತಿಲ್ಲ, ಮರಳಲ್ಲೇ ನಿಲ್ಲಬೇಕು. ಒಬ್ಬರು ರಾಡ್ ಹಿಡಿದರೆ ಇನ್ನೊಬ್ಬರು ಬರೀ ಸಮುದ್ರ ನೋಡುತ್ತಾ ನಿಲ್ಲಬೇಕು. ಕಾಯುವವರು "ಬಿಡು" ಎಂದ ತಕ್ಷಣ ರಾಡ್ ಬಿಸಾಕಿ ಓಡಿಬರಬೇಕು. ಯಾಕೆ, ಏನು, ಒಂದು ನಿಮಿಷ, ಇವೆಲ್ಲ ಇಲ್ಲ. ಬಿಡು ಅಂದರೆ ಬಿಡಬೇಕು. ರವಿಕಿರಣ್‌ನನ್ನೂ ಕರೆಸಿ, ಬನಶಂಕರಿ ಅಮ್ಮನ ಫೋಟೋ ಮುಂದೆ ಇಬ್ಬರ ಕೈಲೂ ಆಣೆ ಹಾಕಿಸಿದೆ. "ಅಕ್ಕ ಸಖತ್ ಸ್ಟ್ರಿಕ್ಟು" ಎಂದು ಅವನು ನಕ್ಕ. ನಗಲಿ. ಜೀವ ಇದ್ದರೆ ತಾನೇ ನಗುವುದು.

ಸೆಪ್ಟೆಂಬರ್ 28, ಭಾನುವಾರ

ಅಭ್ಯಾಸ ಮಾಡಿಸುತ್ತಿದ್ದೇನೆ. ಇವರು ಟೆರೇಸಿನಲ್ಲಿ ರಾಡ್ ಹಿಡಿದು ನಿಂತಿರುತ್ತಾರೆ, ನಾನು ಬಟ್ಟೆ ಒಣಹಾಕುತ್ತಾ ಇದ್ದಕ್ಕಿದ್ದ ಹಾಗೆ "ಬಿಡು!" ಎನ್ನುತ್ತೇನೆ. ಮೊದಲನೇ ಸಲ "ಹಾಂ?" ಎಂದರು. "ಹಾಂ ಅನ್ನೋಷ್ಟ್ರಲ್ಲಿ ನೀವು ಮಂಗಳೂರಲ್ಲಿ ತೇಲ್ತಿರ್ತೀರ" ಎಂದೆ. ಸಂಜೆ ಹೊತ್ತಿಗೆ ಚೆನ್ನಾಗಿ ಕಲಿತರು. ಊಟ ಮಾಡುವಾಗ ಸಿರಿ ಬೇಕೆಂತಲೇ "ಬಿಡು!" ಎಂದು ಕಿರುಚಿದಳು, ಇವರು ಮುದ್ದೆ ಕೆಳಗೆ ಹಾಕಿದರು. ಮೂರು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಹಡಿ ಮೇಲೆ ಬಾಡಿಗೆಗಿರುವ ಮುರಿಗೆವ್ವ ಬಂದು, "ಯಾಕ್ರೀ ಅಕ್ಕಾರ, ಏನ್ ಬಿಡ್ರಿ ಅನ್ನಾಕತ್ತೀರಿ? ಮನಿ ಏನು?" ಎಂದು ಗಾಬರಿಯಲ್ಲಿ ಕೇಳಿದರು, ಪಾಪ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ತಕ್ಕಡಿ, ಸ್ಕೂಟರು, ಪೈಪು ಕೊಯ್ಯುವ ಮಿಷಿನ್ನಿನ ಪಕ್ಕದಲ್ಲಿ ರಾಡುಗಳನ್ನೂ ಇಟ್ಟಿದ್ದರು. ಎಲ್ಲಕ್ಕೂ ಕುಂಕುಮ ಇಟ್ಟೆ, ಅವಕ್ಕೆ ಇಡಲಿಲ್ಲ.

ಅಕ್ಟೋಬರ್ 5, ಭಾನುವಾರ, ಬೈಂದೂರು ಲಾಡ್ಜ್

ಹೋದೆವು, ಮಾಡಿದೆವು, ಜೀವಸಹಿತ ಇದ್ದೇವೆ. ಇವರು ಮೊದಲು ಬಂಡೆ ಕಾಣುವ ಕಡೆ ಹೋಗಿ ಕೈ ಮುಗಿದು, ಒಂದು ಬೀಡಿ ಹಚ್ಚಿ ಮರಳಿಗೆ ಚುಚ್ಚಿ ಬಂದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಅಂಗಡಿಯ ಪಿ.ವಿ.ಸಿ. ಪೈಪಿನ ತುಂಡು ತಂದು ಮರಳಲ್ಲಿ ಹೂತು, ಅದರೊಳಗೆ ರಾಡ್ ನಿಲ್ಲಿಸುತ್ತಾರೆ. ಗಾಳಕ್ಕೆ ಸಿಗಡಿ ಚುಚ್ಚಿ, ಸೀಸದ ತೂಕ ಕಟ್ಟಿ, ಅಲೆ ಒಡೆಯುವ ಜಾಗದಿಂದಾಚೆಗೆ ಬೀಸಿ, ಕಾಯುವುದು. ಕಾಯುವುದು, ಕಾಯುವುದು. ಇದಕ್ಕೋಸ್ಕರ ಪೆಟ್ರೋಲು ಸುಟ್ಟುಕೊಂಡು ಬಂದೆವಾ ಅನ್ನಿಸಿತು. ನಾನು ಅಲೆಯಿಂದ ಕಣ್ಣು ತೆಗೆಯಲಿಲ್ಲ. ಎರಡು ಸಲ ಸುಮ್ಮಸುಮ್ಮನೆ "ಬಿಡು" ಎಂದೆ. ಇವರು ಎರಡು ಸಲವೂ ಮರುಮಾತಿಲ್ಲದೆ ಬಿಸಾಕಿ ಓಡಿಬಂದರು. ಆಣೆ ಆಣೆಯೇ.

ಸಂಜೆ ಇವರು ಸಿಗಡಿ ಡಬ್ಬಿ ತರಲು ಪಕ್ಕಕ್ಕೆ ಹೋಗುವಾಗ "ಒಂಚೂರು ಹಿಡ್ಕೊ" ಎಂದು ತಮ್ಮ ರಾಡ್ ನನ್ನ ಕೈಗೆ ಕೊಟ್ಟರು. ಹಿಡಿದುಕೊಂಡೆ. ದಾರದಲ್ಲಿ ಏನೋ ಟುಕ್ ಟುಕ್ ಎಂದಿತು. ಆಮೇಲೆ ಯಾರೋ ಆ ಕಡೆಯಿಂದ ಎಳೆದರು. ಯಾರೋ ಅಂತಲೇ ಅನ್ನಿಸಿದ್ದು. "ರೀ!" ಎಂದು ಕಿರುಚಿ ಅವರಿಗೆ ಕೊಟ್ಟುಬಿಟ್ಟೆ. ಅಂಗೈಯಷ್ಟು ಮೀನು. ಅದಕ್ಕೆ ಇಷ್ಟು ಶಕ್ತಿಯೇ?

ಅಕ್ಟೋಬರ್ 7, ಮಂಗಳವಾರ

ಕೈಯ ಮೀನಿನ ವಾಸನೆ ಹೋಗಿಲ್ಲ. ಶುಕ್ರವಾರಕ್ಕೆ ಎತ್ತಿಟ್ಟ ನಿಂಬೆಹಣ್ಣಿನಲ್ಲಿ ಒಂದು ಕೊಯ್ದು ಉಜ್ಜಿಕೊಂಡೆ. ಹೋಯಿತು. ಸಾರಿಗೆ ಒಗ್ಗರಣೆ ಹಾಕುವಾಗ ಬೆರಳಲ್ಲಿ ಮತ್ತೆ ಅದೇ ಟುಕ್ ಟುಕ್ ಬಂದ ಹಾಗಾಯಿತು.

ಅಕ್ಟೋಬರ್ 10, ಶುಕ್ರವಾರ

ದೀಪ ಹಚ್ಚಿದೆ. ತಾಯೀ, ಇವರ ಹುಚ್ಚು ಬಿಡಿಸು.

ಪಕ್ಕದ ಖಾಲಿ ಸೈಟಿನಲ್ಲಿ ರಾಡ್ ಬೀಸುವುದು ಕಲಿಯುತ್ತಿದ್ದೇನೆ. ಕಾವಲಿಗೆ ನಿಂತವಳಿಗೆ ಕೆಲಸ ಗೊತ್ತಿರಬೇಕಲ್ಲ, ಅಷ್ಟಕ್ಕೇ. ತೋಳಿನ ಬಲ ಅಲ್ಲ, ಸೊಂಟ ತಿರುಗಿಸಬೇಕು. ರಾಗಿ ಬಡಿದ ಮನೆಯ ಸೊಸೆಗೆ ಇದೇನು ಮಹಾ. ಮೂರನೇ ಬೀಸಿಗೆ ಸೀಸದ ಗುಂಡು ಎದುರು ಮನೆಯ ಸಿಂಟೆಕ್ಸ್ ತೊಟ್ಟಿಗೆ ಢಬ್ ಎಂದು ಬಡಿಯಿತು. ಆ ಮನೆಯ ಅಂಕಲ್ ಹೊರಗೆ ಬರುವಷ್ಟರಲ್ಲಿ ನಾನು ಸೊಪ್ಪು ಕೀಳುವವಳ ಹಾಗೆ ಬಗ್ಗಿದ್ದೆ. ಇವರು ನಗುತ್ತಾ, "ನಿನ್ ಬೀಸು ನಂದಕ್ಕಿಂತ ದೂರ ಹೋಗತ್ತಲ್ಲೇ" ಎಂದರು. ಹೌದು, ಹೋಗುತ್ತದೆ.

ಅಕ್ಟೋಬರ್ 19, ಭಾನುವಾರ

ಹಿಡಿದೆ! ನಾನು! ನಾನೊಬ್ಬಳೇ!

ಮೊದಲಿಂದ ಬರೆಯುತ್ತೇನೆ, ಒಂದೂ ಮರೆಯಬಾರದು. ಬೆಳಗ್ಗೆ ಬೈಂದೂರಿನಲ್ಲಿ ನೀರು ಮಂಕಾಗಿತ್ತು. ಹಕ್ಕಿಗಳು ಮೀನು ಹಿಡಿಯಲು ಒಂದೇ ಜಾಗದಲ್ಲಿ ಮೇಲಿಂದ ನೀರಿಗೆ ಬೀಳುತ್ತಿದ್ದವು. "ಬೂತಾಯಿ ಬಂತು ಅಕ್ಕ" ಎಂದು ರವಿಕಿರಣ್ ಕೂಗಿದ. ನೀರಿನ ಮೇಲೆ ಸಣ್ಣಸಣ್ಣ ಬೆಳ್ಳಿ ಚಿಮ್ಮುತ್ತಿತ್ತು. ಇವರು ಕಾವಲಿಗೆ ನಿಂತಿದ್ದರು, ರಾಡ್ ನನ್ನದು. ಬೂತಾಯಿಯದೇ ತುಂಡು ಚುಚ್ಚಿ ಹಕ್ಕಿ ಬೀಳುವ ಜಾಗಕ್ಕೆ ಸರಿಯಾಗಿ ಬೀಸಿದೆ. ಹತ್ತು ಎಣಿಸುವುದರೊಳಗೆ ದಾರದ ರೀಲು ಕಿರ್ರನೆ ತಿರುಗಲು ಶುರುವಾಯಿತು. ಅಯ್ಯೋ ಆ ಸದ್ದು! ಮೀನು ಓಡುವಾಗ ದಾರ ಬಿಡಬೇಕು, ನಿಂತಾಗ ಸುತ್ತಬೇಕು, ಎಡಕ್ಕೆ ಹೋದರೆ ನಾನೂ ಎಡಕ್ಕೆ. ತೋಳು ಉರಿಯುತ್ತಿತ್ತು, ಮಂಡಿವರೆಗೂ ನೀರಿನಲ್ಲಿ ಇಳಿದಿದ್ದೆ, ಇವರು "ಹಿಂದೆ ಬಾ, ಹಿಂದೆ ಬಾ" ಎನ್ನುತ್ತಲೇ ಇದ್ದರು. ಕೊನೆಗೆ ಅಲೆಯ ಜೊತೆಯಲ್ಲೇ ಎಳೆದು ಮರಳಿಗೆ ತಂದೆ. ನನ್ನ ತೋಳಿನುದ್ದದ ಮೀನು. ಬಾಯಿ ತೆರೆದು ಮುಚ್ಚಿ ನನ್ನನ್ನೇ ನೋಡುತ್ತಿತ್ತು. ಸಿರಿ ಹುಟ್ಟಿದಾಗ ಬಿಟ್ಟರೆ ನನಗೆ ಹೀಗೆ ಅಳು ಬಂದದ್ದು ಇವತ್ತೇ.

ಮನೆಗೆ ಬರುವಾಗ ತಡವಾಯಿತು. ಇವತ್ತು ನೀರು ತುಂಬುವ ಹಬ್ಬ. ಹಂಡೆ ತೊಳೆದು, ಸುಣ್ಣದ ಗೆರೆ ಎಳೆದು, ಮಾಲೆ ಹಾಕಿ ನೀರು ತುಂಬಿದ್ದೆಲ್ಲ ಸಿರಿ ಒಬ್ಬಳೇ. "ನೀನು ಬರ್ತೀಯ ಅಂತ ಕಾದೆ ಮಮ್ಮಿ" ಎಂದಳು. ಮೀನಿನ ಫೋಟೋ ತೋರಿಸಿದೆ. ಸರಿಯಾಗಿ ನೋಡಲೇ ಇಲ್ಲ.

ಅಕ್ಟೋಬರ್ 24, ಶುಕ್ರವಾರ

ಗುಡಿಗೆ ಹೋಗಲಾಗಲಿಲ್ಲ. ನಿಂಬೆಹಣ್ಣು ಕೈ ಉಜ್ಜಲು ಖರ್ಚಾಗಿದ್ದವು. ಅಮ್ಮ ತಿಳಿದುಕೊಳ್ಳುತ್ತಾಳೆ.

ಅಕ್ಟೋಬರ್ 31, ಶುಕ್ರವಾರ

ನಾಳೆ ರಾಜ್ಯೋತ್ಸವ, ಅಂಗಡಿ ರಜ. ಹೊರಡಬೇಕು. ಇವರು ಮೀನಮೇಷ ಎಣಿಸುತ್ತಿದ್ದಾರೆ.

"ಸಮುದ್ರ ಸರಿಯಿಲ್ಲ ಅಂತಾವ್ರೆ ಕಣೆ. ಮುಂದಿನ ವಾರ ನೋಡೋಣ" ಎಂದರು.

"ಮುಂದಿನ್ ವಾರ ಬೂತಾಯಿ ನಿಮ್ಗೋಸ್ಕರ ಕಾಯ್ತಿರತ್ತಾ? ಒಂದ್ಸಲ ದಕ್ಷಿಣಕ್ಕೆ ಹೋಯ್ತು ಅಂದ್ರೆ ಮುಗೀತು" ಎಂದೆ. ಗಂಡಸಾದವನು ಇಷ್ಟು ಪುಕ್ಕಲು ಆಗಬಾರದು. ಇವರು ಮೊಬೈಲ್ ಕೆಳಗಿಟ್ಟರು. ಆಮೇಲೆ, "ಶೀಲಾ, ನಿಂಗೆ ಇದು ಸಾಕು ಅನ್ಸಲ್ವಾ?" ಎಂದರು. ಏನು ಪ್ರಶ್ನೆಯೋ. ನಾನು ಹೋಗುವುದೇ ಇವರ ಕಾವಲಿಗೆ.

ಸಿಗಡಿ ತಂದು ಫ್ರಿಜ್ಜಿನಲ್ಲಿ ಇಟ್ಟೆ. ದೀಪ ಹಚ್ಚಿ ಬಂದೆ. ಈ ಸಲ ದೊಡ್ಡದು ಸಿಗಲಿ ಎಂದು ಬೇಡಿಕೊಂಡೆ, ಇವರಿಗೂ ಒಂದು ಸಿಗಲಿ ಎಂದೂ.

ನವೆಂಬರ್ 2, ಭಾನುವಾರ

ಇವರ ಬಲಗೈ ಮುರಿದಿದೆ. ಕುಂದಾಪುರದ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿದರು. ನನಗೆ ತರಚಿದ ಗಾಯ ಅಷ್ಟೇ. ಬದುಕಿದ್ದೇವೆ. ಬರೆಯಲು ಆಗುತ್ತಿಲ್ಲ.

ನವೆಂಬರ್ 4, ಮಂಗಳವಾರ

ಎಲ್ಲರೂ ನನ್ನನ್ನು ಅಪರಾಧಿಯ ಹಾಗೆ ನೋಡುತ್ತಿದ್ದಾರೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅವತ್ತು ಮರಳಿನ ಕಡೆ ಬೆಳಗಿನಿಂದ ಒಂದು ಮೀನೂ ಗಾಳ ಮುಟ್ಟಲಿಲ್ಲ. ಹಕ್ಕಿಗಳೆಲ್ಲ ಬಂಡೆಯ ಆಚೆ ಬೀಳುತ್ತಿದ್ದವು. "ಬಂಡೆ ಮೇಲೆ ಹೋಗೋಣ" ಎಂದೆ. "ಬಂಡೆ ಬೇಡ ಅಂತ ಆಣೆ ಹಾಕ್ಸಿದ್ದು ನೀನೇ ಕಣೆ" ಎಂದರು. ನಿಜ, ಆದರೆ ನೀರು ಇಳಿದಿತ್ತು, ಬಂಡೆ ಒಣಗಿತ್ತು, ಎರಡು ಬೀಸು ಬೀಸಿ ಬರುವುದು ಎಂದುಕೊಂಡಿದ್ದೆ. ನಾನು ಹತ್ತಿದೆ. ಇವರು ನನ್ನ ಹಿಂದೆಯೇ ಬಂದರು. ಬರುವುದಿಲ್ಲ ಎನ್ನಬಹುದಿತ್ತು.

ಮೊದಲನೇ ಬೀಸಿಗೇ ಹಿಡಿಯಿತು. ಅಂಥದ್ದು ನಾನು ಕಂಡಿಲ್ಲ. ರವಿಕಿರಣ್ ಕೂಡ ಕಂಡಿಲ್ಲವಂತೆ. ರಾಡ್ ಬಿಲ್ಲಿನ ಹಾಗೆ ಬಾಗಿತು. ಇವರು "ಬಿಡು" ಎಂದು ಕೂಗಿದರಂತೆ. ನನಗೆ ಕೇಳಿಸಲಿಲ್ಲ. ಗಾಳಿ ಜೋರಾಗಿತ್ತು, ಅಲೆಯ ಸದ್ದು ಬೇರೆ. ಕೇಳಿಸದಿದ್ದರೆ ನಾನೇನು ಮಾಡಲಿ?

ಅಲೆ ಎದೆಗೆ ಬಡಿಯಿತು. ಇವರು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು, ಇಬ್ಬರೂ ಬಂಡೆಯ ಸಂದಿಗೆ ಬಿದ್ದೆವು, ನಾನು ಇವರ ಕೈ ಮೇಲೆ ಬಿದ್ದೆ. ಇನ್ನೊಂದು ಅಲೆ ಬರುವುದರೊಳಗೆ ರವಿಕಿರಣ್ ಬಂದು ಎಳೆದುಕೊಂಡ. ದಾರ ಕಡಿದಿತ್ತು. ರಾಡ್ ನನ್ನ ಕೈಯಲ್ಲೇ ಇತ್ತು. ಮರಳಿಗೆ ಬಂದ ಮೇಲೂ ಇತ್ತು. ರವಿಕಿರಣ್ ನನ್ನ ಬೆರಳು ಒಂದೊಂದಾಗಿ ಬಿಡಿಸಿದನಂತೆ. ಅದು ನೆನಪಿಲ್ಲ.

ಸಿರಿ ಮಾತು ಬಿಟ್ಟಿದ್ದಾಳೆ. ಅವಳಪ್ಪನಿಗೆ ತಾನೇ ತುತ್ತು ಮಾಡಿ ತಿನ್ನಿಸುತ್ತಾಳೆ, ನಾನು ಹತ್ತಿರ ಹೋದರೆ ಎದ್ದು ಹೋಗುತ್ತಾಳೆ.

ನವೆಂಬರ್ 6, ಗುರುವಾರ

ಇವರು ಎಲ್ಲಾ ಕೊಟ್ಟುಬಿಟ್ಟರು! ರಾಡು, ರೀಲು, ಗಾಳದ ಡಬ್ಬಿ, ಪೈಪಿನ ತುಂಡು ಕೂಡ. ನಾನು ಸ್ನಾನಕ್ಕೆ ಹೋಗಿದ್ದಾಗ ರವಿಕಿರಣ್ ಬಂದು ಕಾರಿಗೆ ತುಂಬಿಕೊಂಡು ಹೋಗಿದ್ದಾನೆ. ಯಾರಿಗಾದರೂ ಮಾರಿಬಿಡು, ನಮ್ಮ ಮನೆ ಕಡೆ ಮಾತ್ರ ತರಬೇಡ ಎಂದರಂತೆ.

"ನನ್ ರಾಡು ಅದ್ರಲ್ಲಿತ್ತು! ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ಸಲಿಲ್ವಾ ನಿಮ್ಗೆ?" ಎಂದು ಕೂಗಾಡಿದೆ.

ಇವರು ಕೂಗಲಿಲ್ಲ. ಪಟ್ಟಿ ಕಟ್ಟಿದ ಕೈ ಮಡಿಲಲ್ಲಿ ಇಟ್ಟುಕೊಂಡು, "ಇನ್ ನಾನು ಸಮುದ್ರದ್ ಕಡೆ ತಲೆ ಹಾಕಿ ಮಲಗಲ್ಲ ಶೀಲಾ. ಬಿಟ್ಟೆ. ನಿನ್ ಬನಶಂಕರಿ ಅಮ್ಮನಾಣೆ ಬಿಟ್ಟೆ" ಎಂದರು. "ಅವತ್ತು ಉಗ್ರಪ್ಪನ್ನ ಕಳ್ಕೊಂಡೆ. ನಿನ್ನ ಕಳ್ಕೊಳಕ್ಕೆ ನನ್ ಕೈಲಾಗಲ್ಲ."

ಒಲೆ ಮೇಲೆ ಹಾಲು ಉಕ್ಕಿ ಹೋಗುವವರೆಗೂ ಅಲ್ಲೇ ನಿಂತಿದ್ದೆ. ಹರಕೆ ಫಲಿಸಿತು. ಬಿಡಿಸು ಎಂದಿದ್ದೆ, ಅಮ್ಮ ಬಿಡಿಸಿದಳು. ಸಂಜೆ ಜಯನಗರಕ್ಕೆ ಹೋಗಿ ಸೀರೆ ತಂದೆ, ಹಸಿರು ಮೈ, ಕೆಂಪು ಅಂಚು. ಬಸ್ಸಿನಲ್ಲಿ ಬರುವಾಗ ಅಳು ಬಂತು. ಸಂತೋಷಕ್ಕೆ ಎಂದು ಬರೆಯಬೇಕು.

ನವೆಂಬರ್ 7, ಶುಕ್ರವಾರ

ಸೀರೆ ಒಪ್ಪಿಸಿದೆ. ಅರ್ಚಕರು ಸಂಕಲ್ಪ ಮಾಡಿಸುತ್ತಾ "ಹರಕೆ ತೀರಿತೇನಮ್ಮ?" ಎಂದರು. ತಲೆ ಆಡಿಸಿದೆ.

ದೀಪ ಹಚ್ಚುವ ಕಡೆ ಶಾಲಿನಿ ಕಾಯುತ್ತಿದ್ದಳು. ರವಿಕಿರಣ್ ಅವಳಿಗೆ ಎಲ್ಲ ಹೇಳಿದ್ದಾನೆ. ನನ್ನ ಪಕ್ಕ ಕೂತು, ನಾನು ಹಣ್ಣು ಕೊಯ್ದ ಹಾಗೆಲ್ಲ ಸಿಪ್ಪೆ ಮಗುಚಿ ಕೊಡುತ್ತಾ ಹೋದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ" ಎಂದಳು. "ಒಂದ್ ವರ್ಷದಿಂದ ಯಾರ್ನ ಕೇಳಿದ್ರೂ ಗೊತ್ತಿಲ್ಲ ಅಂತಾರೆ. ನಿಮ್ಗೆ ಗೊತ್ತಿರತ್ತೆ. ಅಲೆ ಬಂದಾಗ ಏನಾಗತ್ತೆ? ಮನೆಯೋರು ನೆನಪಾಗಲ್ವಾ? ಬಿಡಕ್ಕೆ ಆಗಲ್ವಾ, ಇಲ್ಲ ಬಿಡ್ಬೇಕು ಅಂತ ಅನ್ಸೋದೇ ಇಲ್ವಾ?"

ಅವಳ ಕಣ್ಣು ನೋಡಲಾಗಲಿಲ್ಲ. ಬತ್ತಿ ಸರಿಮಾಡುತ್ತಾ ಹೇಳಿದೆ, "ನೆನಪಾಗತ್ತೆ ಕಣಮ್ಮ. ನೀನು, ಮಕ್ಳು, ಎಲ್ಲಾರೂ ಕಣ್ಮುಂದೆ ಬಂದಿರ್ತಾರೆ. ಬಿಡಕ್ಕೆ ಟೈಮೇ ಸಿಕ್ಕಿರಲ್ಲ, ಅಷ್ಟೇ. ರೆಪ್ಪೆ ಹೊಡೆಯೋದ್ರೊಳಗೆ ಮುಗಿದೋಗಿರತ್ತೆ."

ಅವಳು ಸೆರಗಿನಿಂದ ಮುಖ ಒತ್ತಿಕೊಂಡು ಅತ್ತಳು. ಆಮೇಲೆ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು, "ಅಷ್ಟು ಸಾಕಕ್ಕ. ಮುಂದಿನ್ ವರ್ಷ ಎಡೆಗೆ ಮೀನು ಇಡ್ತೀನಿ" ಎಂದಳು. ನಾನು ದೀಪಕ್ಕೆ ಕೈ ಮುಗಿದೆ. ಏನೂ ಬೇಡಿಕೊಳ್ಳಲಿಲ್ಲ.

ಅವಳಿಗೆ ಹೇಳಿದ್ದು ಸುಳ್ಳು. ಮಂಗಳವಾರ ಇಲ್ಲಿ ಬರೆದದ್ದೂ ಸುಳ್ಳು. ಇವರು ಕೂಗಿದ್ದು ನನಗೆ ಕೇಳಿಸಿತು. ಒಂದು ಸಲವಲ್ಲ, ಮತ್ತೆ ಮತ್ತೆ ಕೇಳಿಸಿತು. ತಲೆ ಎತ್ತಿ ಅಲೆಯನ್ನೂ ನೋಡಿದೆ. ಬಿಟ್ಟು ಓಡಲು ಬೇಕಾದಷ್ಟು ಹೊತ್ತಿತ್ತು. ಸಿರಿ ನೆನಪಾಗಲಿಲ್ಲ, ಇವರು ನೆನಪಾಗಲಿಲ್ಲ. ಮೀನು ಎಡಕ್ಕೆ ತಿರುಗಿತ್ತು, ನಾನು ದಾರ ಸುತ್ತುತ್ತಿದ್ದೆ.